ಕುದುರೆಯ ಕಿವಿಯಲ್ಲಿ ವಿಭೂತಿ

ಹೆಣ್ಣು ನೋಡಲು ಬಂದವರು ಮೊದಲು ಕೊಟ್ಟಿಗೆ ನೋಡುತ್ತಾರೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಹುಡುಗಿಯನ್ನು ಸಿಂಗರಿಸಿ ಕೂರಿಸಬಹುದು, ಗೋಡೆಗೆ ಸುಣ್ಣ ಬಳಿಯಬಹುದು, ಆದರೆ ಎಮ್ಮೆಯ ಪಕ್ಕೆಲುಬನ್ನು ಒಂದು ದಿನದಲ್ಲಿ ಮುಚ್ಚಲಾಗುವುದಿಲ್ಲ ಎನ್ನುವುದು ಅವಳ ಲೆಕ್ಕಾಚಾರ. ಅದು ಅವಳೊಬ್ಬಳ ಮಾತಲ್ಲ. ನಮ್ಮ ಕಡೆಯ ಮನೆಗಳಲ್ಲಿ ಬಂದ ಗಂಡಸರು ಕಾಲು ತೊಳೆದು, ಬೆಲ್ಲ ನೀರು ಕುಡಿದು, ಸುಮ್ಮನೆ ಎಂಬಂತೆ ಹಿತ್ತಲಿಗೆ ಒಂದು ಸುತ್ತು ಹೋಗಿ ಬರುವುದು ವಾಡಿಕೆಯೇ ಆಗಿತ್ತು. ಮನೆಯವರೂ ಅದಕ್ಕೆ ಸಿದ್ಧವಾಗಿಯೇ ಇರುತ್ತಿದ್ದರು. ನನ್ನನ್ನು ನೋಡಲು ಬರುತ್ತಾರೆ ಎಂದಾಗ ನನ್ನ ತಲೆಗೆ ಎಣ್ಣೆ ಹಾಕುವ ಮೊದಲು ಅವ್ವ ಎಮ್ಮೆಗಳ ಮೈ ತಿಕ್ಕಿ ತೊಳೆದಿದ್ದಳು. ಎಮ್ಮೆಗಳ ಮೇಲೆ ಯಾರೂ ಆಕ್ಷೇಪ ಎತ್ತಲಿಲ್ಲ. ಮಾತು ಬಂದದ್ದು ಕುದುರೆಯ ಮೇಲೆ. ಅದರಲ್ಲೂ ಅದರ ಕಿವಿಯ ಮೇಲೆ.

ಅದು ನಮ್ಮ ಚಿಕ್ಕಪ್ಪನ ಕುದುರೆ. ಚಿಕ್ಕಪ್ಪನೆಂದರೆ ನಮ್ಮ ಅಪ್ಪಯ್ಯನ ಒಬ್ಬನೇ ತಮ್ಮ. ಎಳವೆಯಲ್ಲಿ ಬಂದ ಜ್ವರ ಅವನ ಒಂದು ಕಾಲನ್ನು ಒಣಗಿಸಿಬಿಟ್ಟಿತ್ತು. ಮನೆಯೊಳಗೆ ಗೋಡೆ ಹಿಡಿದು, ಅಂಗಳದಲ್ಲಿ ಕೋಲು ಹಿಡಿದು ಓಡಾಡುತ್ತಿದ್ದ. ಅದಕ್ಕಿಂತ ಹೆಚ್ಚು ನಡೆದರೆ ಸೊಂಟ ಹಿಡಿದುಕೊಂಡು ಕೂತುಬಿಡುತ್ತಿದ್ದ. ಆ ಕಾಲಿನಿಂದಾಗಿ ಅವನಿಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ಅಂಥವನು ಕುದುರೆ ಹತ್ತಿದನೆಂದರೆ ಊರೇ ತಿರುಗಿ ನೋಡಬೇಕು, ಹಾಗೆ ಕೂರುತ್ತಿದ್ದ. ನೆಟ್ಟಗೆ, ಸಡಿಲವಾಗಿ, ಹುಟ್ಟಿದ್ದೇ ಅಲ್ಲಿ ಎನ್ನುವಂತೆ.

ನರಸಿಂಹರಾಜಪುರದಲ್ಲಿ ನಮ್ಮದು ಜವಳಿ ಅಂಗಡಿ. ಹಿರಿಯರ ಬಾಯಲ್ಲಿ ಊರು ಆಗಲೂ ಎಡೇಹಳ್ಳಿಯೇ. ತರೀಕೆರೆಯಿಂದ ಬರುವ ಪುಟ್ಟ ರೈಲಿನಲ್ಲಿ ಬಟ್ಟೆಯ ಮೂಟೆ ಇಳಿಯುತ್ತಿತ್ತು. ಅಂಗಡಿಯಲ್ಲಿ ಕೂತು ಅಳೆದು ಕೊಡುವುದು ಅಪ್ಪಯ್ಯ. ಕುದುರೆಯ ಬೆನ್ನಿಗೆ ಎರಡೂ ಕಡೆ ಗಂಟು ಇಳಿಬಿಟ್ಟು ಊರೂರು ತಿರುಗುವುದು ಚಿಕ್ಕಪ್ಪ. ಮುತ್ತಿನಕೊಪ್ಪದ ಕಡೆಯ ಹಳ್ಳಿಗಳು, ಆಚೆ ಜಯಪುರದ ಕಾಫಿ ತೋಟದ ಸಾಲುಮನೆಗಳು, ಒಮ್ಮೊಮ್ಮೆ ಕೊಪ್ಪದವರೆಗೂ. ಕೂಲಿಯ ಹೆಂಗಸರು ಪೇಟೆಗೆ ಬಂದು ಸೀರೆ ಆರಿಸುವ ಕಾಲ ಅದಲ್ಲ. ಚಿಕ್ಕಪ್ಪನ ಕುದುರೆ ತೋಟದ ಗೇಟು ದಾಟಿದರೆ ಅಲ್ಲಿ ಹಬ್ಬ. ಯಾವ ಮನೆಯಲ್ಲಿ ಯಾವ ಬಣ್ಣ ಒಗ್ಗುತ್ತದೆ, ಯಾರ ಮಗಳು ದೊಡ್ಡವಳಾದಳು, ಯಾವ ಮುದುಕಿಗೆ ಅಂಚು ದೊಡ್ಡದಿದ್ದರೆ ಕೋಪ, ಎಲ್ಲ ಅವನಿಗೆ ಬಾಯಿಪಾಠ. ಹೋದಲ್ಲೆಲ್ಲ ಅವನಿಗೊಂದು ಮಣೆ, ಒಂದು ಲೋಟ ಮಜ್ಜಿಗೆ, ಮಾತಿಗೊಂದು ಜನ. ಕುದುರೆ ಇಲ್ಲದಿದ್ದರೆ ಇದ್ಯಾವುದೂ ಇಲ್ಲ. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಆಮೇಲೆ ಆದದ್ದನ್ನು ಹೇಳುವಾಗ ಈ ಮಾತನ್ನು ಮರೆಯಬಾರದು: ಗೊತ್ತಿತ್ತು.

ಕುದುರೆಗೆ ಹೆಸರಿರಲಿಲ್ಲ. ಕೆಂಪು ಬಣ್ಣದ, ಗಿಡ್ಡ ಕಾಲಿನ, ಹೊಟ್ಟೆ ಸ್ವಲ್ಪ ದೊಡ್ಡದಾದ ಹೆಣ್ಣು ಕುದುರೆ. ಕುದುರೆ ಎಂದರೆ ಅದೇ. ಇನ್ನೊಂದು ಇದ್ದರಲ್ಲವೇ ಹೆಸರು ಬೇಕಾಗುವುದು.

ಅದರ ಕಿವಿಯನ್ನು ಚಿಕ್ಕಪ್ಪ ನೋಡುತ್ತಿದ್ದ ರೀತಿಯನ್ನು ನಾನು ಕೊಟ್ಟಿಗೆಯ ಕಂಬಕ್ಕೆ ಒರಗಿ ಎಷ್ಟೋ ಬೆಳಗು ಕಂಡಿದ್ದೇನೆ. ಎದುರಿಗೆ ನಿಲ್ಲುತ್ತಿರಲಿಲ್ಲ, ಓರೆಯಾಗಿ ನಿಲ್ಲುತ್ತಿದ್ದ. ಕೈ ಚಾಚುತ್ತಿದ್ದ, ಅಷ್ಟೆ. ಸ್ವಲ್ಪ ಹೊತ್ತಿಗೆ ಕುದುರೆ ತಾನೇ ತಲೆ ತಗ್ಗಿಸಿ ಕಿವಿಯನ್ನು ಅವನ ಅಂಗೈಗೆ ತಂದಿಡುತ್ತಿತ್ತು.

“ಕಿವಿಗೆ ಕೈ ಹಾಕೋದಲ್ಲ ಕೂಸೆ,” ಎನ್ನುತ್ತಿದ್ದ. “ಅದು ಕೊಟ್ರೆ ತಗೊಳ್ಳೋದು. ನಿನ್ನ ಕಿವಿನ ಯಾರಾದ್ರೂ ಬಂದು ಫಕ್ಕನೆ ಹಿಡಿದ್ರೆ ನೀ ಸುಮ್ನೆ ಇರ್ತೀಯಾ?”

“ಶಾಲೆ ಮೇಷ್ಟ್ರು ಹಿಡೀತಾರಲ್ಲ.”

“ಅದಕ್ಕೇ ಅಲ್ವಾ ನಿಂಗೆ ಮಗ್ಗಿ ತಲೆಗೆ ಹತ್ತದೇ ಇರೋದು.”

ಕಿವಿಯ ಕಾಯಿಲೆಗಳು ಒಂದೇ ಥರದವಲ್ಲ, ಎಲ್ಲಕ್ಕೂ ಒಂದೇ ಮದ್ದು ಹಾಕುವವನು ಕುದುರೆ ಸಾಕಬಾರದು ಎನ್ನುವುದು ಅವನ ಸಿದ್ಧಾಂತ. ಮುತ್ತಿನಕೊಪ್ಪದ ಕಡೆಯ ಕುರುಚಲು ಕಾಡು ಹೊಕ್ಕು ಬಂದರೆ ಕಿವಿಯೊಳಗೆ ಉಣುಗು ಸೇರುತ್ತಿತ್ತು. ಆಗ ಕುದುರೆ ತಲೆಯನ್ನು ಒಂದೇ ಪಕ್ಕಕ್ಕೆ ವಾಲಿಸಿ ನಿಲ್ಲುತ್ತದೆ, ಕಂಬಕ್ಕೆ ಉಜ್ಜುತ್ತದೆ, ಕಿವಿ ಪಟಪಟ ಎನ್ನುವಂತೆ ತಲೆ ಕೊಡವುತ್ತದೆ. ಬಗ್ಗಿ ಮೂಸಿದರೆ ವಾಸನೆ. ಅದಕ್ಕೆ ಹೊಗೆಸೊಪ್ಪು ನೆನೆಸಿದ ಹೊಂಗೆ ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ, ತನ್ನ ಮಣಿಕಟ್ಟಿನ ಮೇಲೆ ಹನಿಸಿ ನೋಡಿ, ಮೆತ್ತನೆಯ ಬಟ್ಟೆ ಸುತ್ತಿದ ಬೆರಳಿನಿಂದ ಸವರುತ್ತಿದ್ದ. ಕಣ್ಣಿಗೆ ಕಾಣುವಷ್ಟು ದೂರಕ್ಕೆ ಮಾತ್ರ ಬೆರಳು, ಅದರಾಚೆ ಹೋಗಕೂಡದು. ಮರುದಿನಕ್ಕೆ ಉಣುಗು ಹಿಡಿತ ಬಿಟ್ಟು ತಾನೇ ಹೊರಗೆ ಬರುತ್ತಿತ್ತು. ಕಿವಿಯ ಹೊರಗೆ ದುಂಡಗೆ ಕೂದಲು ಉದುರಿದರೆ ಅದು ಹುಳುಕಡ್ಡಿ. ಅದು ಮನುಷ್ಯರಿಗೂ ಹತ್ತುತ್ತದೆ. ತಗಚೆ ಸೊಪ್ಪನ್ನು ಮಜ್ಜಿಗೆಯಲ್ಲಿ ಅರೆದು ಹಚ್ಚಿ, ಜೀನಿನ ಕೆಳಗಿನ ಬಟ್ಟೆಯನ್ನು ಕುದಿಸಿ ಬಿಸಿಲಿಗೆ ಹಾಕುತ್ತಿದ್ದ; ಅದು ಗುಣವಾಗುವವರೆಗೆ ನಾವು ಕುದುರೆಯ ಹತ್ತಿರ ಸುಳಿಯುವಂತಿರಲಿಲ್ಲ. ಮಳೆ ಬಿಟ್ಟು ಹಳ್ಳಗಳು ತಿಳಿಯಾಗಿ ಹರಿಯುವ ಕಾಲಕ್ಕೆ ಕಪ್ಪು ನೊರಜು ಏಳುತ್ತದಲ್ಲ, ಅದು ಕಿವಿಯೊಳಗೆ ಕೂತು ಕಚ್ಚಿ ಕಚ್ಚಿ ರಕ್ತದ ಹಕ್ಕಳೆ ಕಟ್ಟಿಸುತ್ತಿತ್ತು. ಹಕ್ಕಳೆಯನ್ನು ಕೀಳಬಾರದು, ಬಿಸಿನೀರಿನ ಬಟ್ಟೆ ಒತ್ತಿ ನೆನೆಸಬೇಕು, ಅದು ಮನಸ್ಸು ಮಾಡಿ ಬಿದ್ದಾಗ ಬೀಳಲಿ. ಆಮೇಲೆ ಅಂಚಿಗೆ ಒಂದಿಷ್ಟು ಹೊಂಗೆ ಎಣ್ಣೆ.

ನೊರಜಿನ ಕಾಲಕ್ಕೆಂದು ಅವನು ಅಂಗಡಿಯ ತುಂಡು ಬಟ್ಟೆಗಳಿಂದ ಕುದುರೆಗೆ ಒಂದು ಕುಲಾವಿ ಹೊಲಿದಿದ್ದ. ಎರಡು ಉದ್ದ ಕಿವಿಚೀಲ, ನಡುವೆ ಪಟ್ಟಿ, ಕೆಳಗೆ ಕಟ್ಟಲು ಲಾಡಿ. ಒಂದು ಕಿವಿಗೆ ಹಸಿರು ಚೌಕಳಿ, ಇನ್ನೊಂದಕ್ಕೆ ಕೆಂಪು ಹೂವಿನ ಚೀಟಿ ಬಟ್ಟೆ. ಪೇಟೆಯಲ್ಲಿ ಹೊರಟರೆ ಜನ ನಗುತ್ತಿದ್ದರು. “ಎಂತ ಮಾರಾಯ, ಕೂಸಿಗೆ ನಾಮಕರಣವಾ?” ಎಂದು ಕೇಳಿದರೆ, “ಹೌದು, ಹೆಸರು ಇಡೋಕೆ ನಿನ್ನದೇ ಹುಡುಕ್ತಿದ್ದೆ,” ಎನ್ನುತ್ತಿದ್ದ.

ಇಷ್ಟಾದ ಮೇಲೂ ಒಂದು ವರ್ಷ ಅದರ ಎರಡೂ ಕಿವಿಯೊಳಗೆ ಬಿಳಿ ಬಂತು. ಮೊದಲು ಸಾಸಿವೆಯಷ್ಟು, ಆಮೇಲೆ ಅಲ್ಲಲ್ಲಿ ಕೂಡಿಕೊಂಡು, ಅಕ್ಕಿ ಹಿಟ್ಟು ಕಲಸಿ ಬಳಿದು ಒಣಗಿದ ಹಾಗೆ. ಚಿಕ್ಕಪ್ಪ ವಾರಗಟ್ಟಲೆ ಅದನ್ನು ನೋಡಿದ. ವಾಸನೆ ಇಲ್ಲ, ತುರಿಕೆ ಇಲ್ಲ, ತಲೆ ಕೊಡವುವುದಿಲ್ಲ, ಹುರುಳಿಯನ್ನು ಎಂದಿನಂತೆ ತಿನ್ನುತ್ತದೆ. ಒಂದು ಚೂರನ್ನು ಉಗುರಿನಿಂದ ಎಬ್ಬಿಸಲು ಹೋದ. ಅಡಿಯಲ್ಲಿ ಹಸಿ ಗುಲಾಬಿ ಚರ್ಮ ಕಂಡಿತು, ಕುದುರೆ ತಲೆಯನ್ನು ಸರ್ರನೆ ಎಳೆದುಕೊಂಡಿತು. ಅಲ್ಲಿಗೆ ಬಿಟ್ಟ. “ಮುಟ್ಟಿದ್ರೇ ನೋವು, ಬಿಟ್ರೆ ಏನೂ ಇಲ್ಲ. ಅಂದ್ಮೇಲೆ ಬಿಡೋದೇ ಮದ್ದು,” ಎಂದ.

ಅಜ್ಜಿಯೂ ಕೋಲೂರಿಕೊಂಡು ಬಂದು ನೋಡಿದಳು. ದಿನವೂ ಲಿಂಗಪೂಜೆ ಮುಗಿಸಿ ಹಣೆಗೆ ಮೂರು ಗೆರೆ ಎಳೆದುಕೊಂಡಲ್ಲದೆ ಬಾಯಿಗೆ ನೀರು ಹಾಕದವಳು. ಕುದುರೆಯ ಕಿವಿಯೊಳಗೆ ಇಣುಕಿ, “ಇದೇನೂ ರೋಗ ಅಲ್ಲ ಕಣೋ. ಶಿವ ವಿಭೂತಿ ಹಚ್ಚೋಕೆ ಬಂದಿದ್ದಾನೆ, ಇದಕ್ಕೆ ಹಣೆ ಮೇಲೆಲ್ಲ ಕೂದಲು. ಬರಿ ಜಾಗ ಸಿಕ್ಕಿದ್ದು ಕಿವಿಯೊಳಗೆ,” ಎಂದಳು. ಮನೆಯಲ್ಲಿ ಎಲ್ಲರೂ ನಕ್ಕೆವು. ಅಂದಿನಿಂದ ಆ ಬಿಳಿಗೆ ನಮ್ಮಲ್ಲಿ ವಿಭೂತಿ ಎಂದೇ ಹೆಸರು. ಸೋಮವಾರ ಅಜ್ಜಿ ಕುದುರೆಗೆ ಬೆಲ್ಲದ ಚೂರು ಕೊಡುವಾಗ “ತಗೊಳೇ ಶರಣೆ” ಎನ್ನುತ್ತಿದ್ದಳು.

ಹೀಗೆ ನಮ್ಮ ಕಣ್ಣಿಗೆ ಮಾತ್ರ ಬೀಳುವಷ್ಟು ಕಾಲ ಅದು ವಿಭೂತಿಯಾಗಿತ್ತು.

ಆ ವರ್ಷ ಮಳೆ ಹಿಂದಾದ ಮೇಲೆ ಜಯಪುರದ ಹತ್ತಿರದ ಒಂದು ಮನೆಯಿಂದ ನನ್ನನ್ನು ನೋಡಲು ಬಂದರು. ಕಾಫಿ ತೋಟ, ಮಾಳಿಗೆ ಮನೆ, ನಮಗಿಂತ ಎತ್ತರದವರು. ನನಗೆ ಸೀರೆಯ ನೆರಿಗೆ ಇನ್ನೂ ಸರಿಯಾಗಿ ನಿಲ್ಲದ ವಯಸ್ಸು. ಹುಡುಗನ ತಂದೆ ಮಾತಿನವರಲ್ಲ. ಮಾತೆಲ್ಲ ಹುಡುಗನ ಸೋದರಮಾವನದು. ಶೃಂಗೇರಿ ಕಡೆಯಿಂದ ಕುದುರೆಯ ಮೇಲೇ ಬಂದಿದ್ದ ದಪ್ಪ ಮೀಸೆಯ ಆಸಾಮಿ. ಕುದುರೆಯ ಸುಳಿ ನೋಡಿ ಯಜಮಾನನ ಭವಿಷ್ಯ ಹೇಳುವವನೆಂದು ಹೆಸರು. ಬೆಲ್ಲ ನೀರು ಕುಡಿದವನೇ ಹಿತ್ತಲಿಗೆ ಹೊರಟ. ಅಪ್ಪಯ್ಯ ಹಿಂದೆ, ಚಿಕ್ಕಪ್ಪ ಕೋಲಿನ ಮೇಲೆ ಅವರ ಹಿಂದೆ. ನಾನು ಒಳಕೋಣೆಯ ಕಿಟಕಿಯಲ್ಲಿ.

ಅವನು ಕುದುರೆಯ ಸುತ್ತ ಬಂದ. ಹಣೆಯ ಸುಳಿ ನೋಡಿದ, ಎದೆಯದು ನೋಡಿದ, ತಲೆದೂಗಿದ. ಆಮೇಲೆ ಚಿಕ್ಕಪ್ಪ ಕೈ ಚಾಚಿ ನಿಂತದ್ದರಿಂದ ಕುದುರೆ ಪಾಪ ತಲೆ ತಗ್ಗಿಸಿತು. ಮಾವ ಅದರ ಕಿವಿಯೊಳಗೆ ಇಣುಕಿ ಅಪ್ಪಯ್ಯನ ಕಡೆ ತಿರುಗಿದ.

“ಏನ್ರೀ, ಕುದುರೆಗೆ ತೊನ್ನು ಇದ್ದ ಹಾಗಿದೆ. ಮನೇಲಿ ಇನ್ಯಾರಿಗಾದ್ರೂ ಉಂಟೋ, ಇದೊಂದಕ್ಕೇನೋ?”

ಹೇಳಿ ನಕ್ಕ. ಅವನ ಜತೆ ಬಂದವರೂ ನಕ್ಕರು. ಅಪ್ಪಯ್ಯ ನಗಲಿಲ್ಲ. ಕಿಟಕಿಯಿಂದ ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಗಟ್ಟಿಯಾದದ್ದು ಕಂಡಿತು. ಚಿಕ್ಕಪ್ಪ, “ತೊನ್ನಲ್ಲ ಸ್ವಾಮಿ, ನೊರಜು ಕಚ್ಚಿದ ಗುರುತು. ಚರ್ಮ ಮಾತ್ರ,” ಎಂದು ಏನೋ ಹೇಳಲು ಹೋದ. “ಇರ್ಲಿ ಬಿಡಿ, ಇರ್ಲಿ,” ಎಂದು ಮಾವ ಅವನ ಹೆಗಲು ತಟ್ಟಿ ಒಳಗೆ ಬಂದ. ನನ್ನನ್ನು ನೋಡಿದರು, ಕೊಟ್ಟ ಉಂಡೆ ತಿಂದರು, ಹೋಗಿ ತಿಳಿಸುತ್ತೇವೆ ಎಂದು ಹೊರಟರು.

ಅವರ ಕಡೆಯಿಂದ ಮಾತು ಬೇಗ ಬರಲಿಲ್ಲ. ಅವರ ಮನೆಯಲ್ಲಿ ಆಗ ಯಾರೋ ಹಾಸಿಗೆ ಹಿಡಿದಿದ್ದರಂತೆ, ತಡವಾದದ್ದು ಅದಕ್ಕೆ. ಅದು ನಮಗೆ ಗೊತ್ತಾದದ್ದು ಆಮೇಲೆ. ಆಗ ನಮ್ಮ ಮನೆಗೆ ಒಂದೇ ಕಾರಣ ಹೊಳೆದದ್ದು. ಅಪ್ಪಯ್ಯ ಅಂಗಡಿಯಿಂದ ಬಂದವನು ಉಣ್ಣಲು ಕೂರದೆ ಕೊಟ್ಟಿಗೆಗೆ ಹೋಗಿ ನಿಂತುಬಿಡುತ್ತಿದ್ದ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಮಾತು ಎದ್ದಿತು.

“ಆ ಬಿಳಿ ಹೋಗ್ಬೇಕು,” ಎಂದ ಅಪ್ಪಯ್ಯ.

“ಅದು ತೊನ್ನಲ್ಲ ಅಣ್ಣಯ್ಯ. ಎಷ್ಟು ಸಲ ಹೇಳ್ಲಿ?”

“ನೀ ನಂಗೆ ಹೇಳು. ಬಾಳೆಹೊನ್ನೂರಿನವರೆಗೂ ಹೋಗಿ ಹೇಳು. ಮಾತು ಬಾಯಿಗೆ ಬಿದ್ದ ಮೇಲೆ ಅದು ಕುದುರೆ ಕಿವೀಲಿ ಇರುತ್ತಾ? ನಾಳೆ ಇವಳ ಮೈ ಮೇಲೆ ಬರುತ್ತೆ.”

ನಾನು ಬಡಿಸುತ್ತಿದ್ದೆ. ‘ಇವಳು’ ಎಂದಾಗ ಇಬ್ಬರೂ ನನ್ನ ಕಡೆ ನೋಡಲಿಲ್ಲ.

“ಮುಟ್ಟಿದ್ರೆ ಕುದುರೆ ಕೆಡುತ್ತೆ,” ಎಂದ ಚಿಕ್ಕಪ್ಪ.

“ಕುದುರೆ ಕೆಟ್ರೆ ಕುದುರೆ. ಹುಡುಗಿ ಕೆಟ್ರೆ?” ಎಂದ ಅಪ್ಪಯ್ಯ. ಆಮೇಲೆ ಅನ್ನ ಕಲಸುತ್ತ, ಮುಖ ಎತ್ತದೆ, “ಮನೇಲಿ ಕೂತವನು ಒಬ್ಬ ಇದ್ದಾನೆ. ಸಾಲದಾ?” ಎಂದ.

ಚಿಕ್ಕಪ್ಪ ಎಲೆಗೆ ಕೈ ಮುಗಿದು ಎದ್ದ. ಗೋಡೆ ಹಿಡಿದು ಕೈ ತೊಳೆಯಲು ಹೋದ. ಅವ್ವ ಸಾರಿನ ಪಾತ್ರೆಯನ್ನು ಸುಮ್ಮನೆ ತಿರುವುತ್ತ ಕೂತಳು.

ಮದ್ದು ತಂದವಳು ಅಜ್ಜಿ. ಅದನ್ನು ನೆನೆದರೆ ನನಗೆ ಇಂದಿಗೂ ಬಾಯಿ ಕಹಿಯಾಗುತ್ತದೆ. ವಿಭೂತಿ ಎಂದವಳೇ ಒಳಕೋಣೆಯಿಂದ ಗೇರೆಣ್ಣೆಯ ಕುಡಿಕೆ ತಂದಿಟ್ಟಳು. ಮಳೆಗಾಲದಲ್ಲಿ ಗದ್ದೆಯ ಕೆಸರಿಗೆ ಕಾಲು ಕೊಳೆತರೆ, ಹಿಮ್ಮಡಿ ಒಡೆದರೆ ನಮ್ಮಲ್ಲಿ ಅದನ್ನೇ ಹಚ್ಚುವುದು. ಸುಡುತ್ತದೆ, ಕಪ್ಪಾಗುತ್ತದೆ, ಹಳೆಯ ಚರ್ಮ ಸುಲಿದು ಹೊಸದು ಬರುತ್ತದೆ. ದುಡಿದ ಪಾದದ ಚರ್ಮ ಎಮ್ಮೆಯ ತೊಗಲಿನಂಥದು, ತಡೆದುಕೊಳ್ಳುತ್ತದೆ. ಕಾಲಿಗಾಗುವುದು ಕಿವಿಗೆ ಯಾಕಾಗಬಾರದು ಎಂದು ಅಪ್ಪಯ್ಯನಿಗೂ ಅನಿಸಿತು. “ಹಳೆ ಚರ್ಮ ಸುಲಿದು ಹೋಗುತ್ತೆ, ಹೊಸದು ಚೊಕ್ಕ ಬರುತ್ತೆ,” ಎಂದಳು ಅಜ್ಜಿ.

“ಅಂಗೈ ಮೇಲೆ ಒಂದು ಹನಿ ಹಾಕ್ಕೊಂಡು ನೋಡವ್ವಾ ಮೊದಲು,” ಎಂದ ಚಿಕ್ಕಪ್ಪ. ಯಾರೂ ಹಾಕಿಕೊಳ್ಳಲಿಲ್ಲ.

ಅಪ್ಪಯ್ಯ ಕಡ್ಡಿಗೆ ಬಟ್ಟೆ ಸುತ್ತಿಕೊಂಡು ಹೋದ. ಕುದುರೆ ಅವನಿಗೆ ಕಿವಿ ಕೊಡಲಿಲ್ಲ. ಹಗ್ಗದ ತುದಿಯವರೆಗೂ ಹಿಂದೆ ಸರಿಯಿತು. ಅಂಗಡಿಯ ಆಳನ್ನು ಕರೆದ, ಅವನಿಗೂ ಕೊಡಲಿಲ್ಲ. ಬಹಳ ಹೊತ್ತಿನ ಮೇಲೆ ಅಪ್ಪಯ್ಯ ಜಗುಲಿಗೆ ಬಂದು ತಮ್ಮನ ಎದುರು ನಿಂತ. ಗದರಲಿಲ್ಲ. ಮೆಲ್ಲಗೆ, “ನೀನು ಬಾ. ನೀನು ಕೈ ಚಾಚಿದ್ರೆ ತಲೆ ಕೊಡುತ್ತೆ,” ಎಂದ.

ಚಿಕ್ಕಪ್ಪ ಕೂತೇ ಇದ್ದ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಮ್ಮೆ ನೋಡಿದ. ಆಮೇಲೆ ಕೋಲು ತೆಗೆದುಕೊಂಡು ಎದ್ದ.

ಕೊಟ್ಟಿಗೆಯ ಬಾಗಿಲು ಎಳೆದುಕೊಂಡರು. ನಾನು ನೋಡಲಿಲ್ಲ. ಕೇಳಿದ್ದೇನೆ. ಎಮ್ಮೆಗಳು ಕೂಡ ಹಗ್ಗ ಹರಿಯುವ ಹಾಗೆ ಒದ್ದಾಡಿದ ಸದ್ದು, ಗೋಡೆಗೆ ಗೊರಸು ಬಡಿದ ಸದ್ದು. ಅಪ್ಪಯ್ಯ ಹೊರಗೆ ಬಂದಾಗ ಅವನ ಬೆರಳಿಗೆ ಗೇರೆಣ್ಣೆ ತಾಗಿ ಬೊಬ್ಬೆ ಏಳುತ್ತಿತ್ತು. ಅಜ್ಜಿ ಕೊಬ್ಬರಿ ಎಣ್ಣೆ ತಂದಳು, ಅವ್ವ ಬಟ್ಟೆ ಹರಿದಳು, ನನ್ನನ್ನು ತಣ್ಣೀರಿಗೆ ಓಡಿಸಿದರು. ಆ ಒಂದು ಬೆರಳಿನ ಸುತ್ತ ಮನೆಯ ಮಂದಿಯೆಲ್ಲ ಸೇರಿದ್ದೆವು. ಚಿಕ್ಕಪ್ಪ ಒಳಗೇ ಇದ್ದ. ಹೊರಗೆ ಬಂದಾಗ ಅವನ ಅಂಗೈಯೂ ಸುಟ್ಟಿತ್ತು. ಅದನ್ನು ಅವನು ಯಾರಿಗೂ ತೋರಿಸಲಿಲ್ಲ.

ಮರುದಿನಕ್ಕೆ ಕುದುರೆಯ ಕಿವಿಗಳು ಊದಿ ಬೆರಳು ದಪ್ಪವಾದವು. ನೀರು ತುಂಬಿದ ಬೊಬ್ಬೆ ಒಡೆದು ಕೆನ್ನೆಯ ಮೇಲೆ ಇಳಿದು, ಇಳಿದ ದಾರಿಯನ್ನೂ ಸುಟ್ಟಿತು. ನೊಣ ಮುತ್ತಿದವು. ಚಿಕ್ಕಪ್ಪ ಬೇವಿನ ಸೊಪ್ಪು ಕುದಿಸಿದ ನೀರನ್ನು ಆರಿಸಿ ದೂರದಿಂದಲೇ ಚಿಮುಕಿಸಬೇಕಾಯಿತು. ಹತ್ತಿರ ಹೋಗಿ ಕೈ ಚಾಚಿದರೆ ಕುದುರೆ ನಡುಗುತ್ತಿತ್ತು. ಬೇರೆ ಯಾರ ಕೈಗಿಂತ ಅವನ ಕೈಗೇ ಹೆಚ್ಚು ಹೆದರುತ್ತಿತ್ತು. ಅಪ್ಪಯ್ಯ ಹುರುಳಿ ಇಟ್ಟರೆ ತಿನ್ನುತ್ತಿತ್ತು. ಚಿಕ್ಕಪ್ಪ ಇಟ್ಟರೆ, ಅವನು ಮರೆಯಾಗುವವರೆಗೆ ಬಾಯಿ ಹಾಕುತ್ತಿರಲಿಲ್ಲ.

ಹುಣ್ಣು ಮಾಯುವ ಹೊತ್ತಿಗೆ ಒಂದು ಕಿವಿ ಮಡಿಸಿಕೊಂಡು ಜೋತುಬಿದ್ದಿತ್ತು. ಹಳೆಯ ಚರ್ಮ ಸುಲಿದು ಹೊಸದು ಬಂತು, ಅಜ್ಜಿ ಹೇಳಿದ ಹಾಗೇ. ಆದರೆ ಅದರಲ್ಲಿ ಕೂದಲೂ ಇಲ್ಲ, ಬಣ್ಣವೂ ಇಲ್ಲ. ಮೊದಲು ಕಿವಿಯೊಳಗೆ ಇಣುಕಿದರೆ ಕಾಣುತ್ತಿದ್ದ ಬಿಳಿ ಈಗ ಕಿವಿಯ ಅಂಚಿಗೆ, ಕೆನ್ನೆಗೆ, ಬೀದಿಯಲ್ಲಿ ಹೋಗುವವರಿಗೂ ಕಾಣುವ ಹಾಗೆ ಹರಡಿತ್ತು. ಅಪ್ಪಯ್ಯ ಅದನ್ನು ನೋಡಿ ತಲೆ ಮೇಲೆ ಕೈ ಹೊತ್ತು ಕೂತ. ಆ ವಾರವೇ ಜಯಪುರದಿಂದ ಒಪ್ಪಿಗೆಯ ಮಾತು ಬಂತು. ವೀಳ್ಯದ ಶಾಸ್ತ್ರಕ್ಕೆ ಮತ್ತೆ ಅವರೆಲ್ಲ ಬರುತ್ತಾರೆ, ಮತ್ತೆ ಹಿತ್ತಲಿಗೆ ಹೋಗುತ್ತಾರೆ. ಆ ಹೊತ್ತಿಗೆ ಕುದುರೆ ಮನೆಯಲ್ಲಿ ಇರಕೂಡದು.

ಚಿಕ್ಕಪ್ಪ ಸುಮ್ಮನಿರಲಿಲ್ಲ. ಲಗಾಮಿನ ತಲೆಪಟ್ಟಿ ಕಿವಿಯ ಮೇಲಿಂದ ಎಳೆಯದೆ ಹಾಕುವ ಹಾಗೆ ಮಾಡಿದರೆ ಕುದುರೆ ಒಪ್ಪೀತೇನೋ ಎಂದು ಪಟ್ಟಿಯನ್ನು ಕತ್ತರಿಸಿ, ಕುತ್ತಿಗೆಯ ಹಿಂದೆ ಕಟ್ಟುವಂತೆ ಬಕಲು ಕೂರಿಸಿದ. ಬೆಳಿಗ್ಗೆ ಎದ್ದು ಅದನ್ನು ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ಓರೆಯಾಗಿ ನಿಲ್ಲುತ್ತಿದ್ದ, ಮೊದಲಿನ ಹಾಗೆ ಕೈ ಚಾಚಿ. ಬಿಸಿಲು ಅಂಗಳಕ್ಕೆ ಬರುವವರೆಗೂ ನಿಂತಿರುತ್ತಿದ್ದ. ಅವನ ಒಳ್ಳೆಯ ಕಾಲು ನಡುಗುತ್ತಿತ್ತು. ಕುದುರೆ ಗೋಡೆಗೆ ಅಂಟಿಕೊಂಡು ನಿಂತಿರುತ್ತಿತ್ತು. ಒಂದು ದಿನವಾದರೂ ಅದು ತಲೆ ಕೊಟ್ಟಿದ್ದರೆ ಅವನು ಅದನ್ನು ಹತ್ತಿಕೊಂಡು ಎಲ್ಲಿಗಾದರೂ ಹೋಗಿಬಿಡುತ್ತಿದ್ದ ಎಂದು ನನಗೆ ಅನಿಸುತ್ತದೆ. ಕೊಡಲಿಲ್ಲ.

ಕೊಂಡುಕೊಳ್ಳಲು ಬಂದವನು ಶಿವಮೊಗ್ಗದ ಜಟಕಾದವನು. ಕಿವಿಯ ಬಿಳಿಗೆ ಅವನೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಗಾಡಿ ಎಳೆಯಲು ಕಾಲು ಇದ್ದರೆ ಸಾಕು ಅವನಿಗೆ.

“ಲಗಾಮು ಹಾಕಿಸಿಕೊಳ್ಳಲ್ಲ ಅದು,” ಎಂದ ಚಿಕ್ಕಪ್ಪ. “ಕಿವಿಗೆ ಕೈ ತಾಗಿಸಬೇಡ. ಕುತ್ತಿಗೆ ಕಡೆಯಿಂದ ಬಾ. ನಿಧಾನಕ್ಕೆ.”

“ಅಯ್ಯೋ ಬಿಡಿ ಯಜಮಾನ್ರೆ,” ಎಂದ ಅವನು. “ಕಿವಿ ಹಿಡಿದು ತಿರುಚಿದ್ರೆ ಎಂಥಾ ಕುದುರೆನೂ ನಿಲ್ಲುತ್ತೆ.”

ಹೇಳಿ ಹಾಗೇ ಮಾಡಿದ. ಜೋತುಬಿದ್ದ ಕಿವಿಯನ್ನೇ ಹಿಡಿದು ತಿರುಚಿದ. ಕುದುರೆ ನಿಂತಿತು. ಚಿಕ್ಕಪ್ಪ ಒಳಗೆ ಹೋಗಿ ಆ ಕುಲಾವಿಯನ್ನು ತಂದು ಅವನ ಕೈಗೆ ಕೊಡಲು ಹೋದ. ನೊರಜಿನ ಕಾಲಕ್ಕೆ ಬೇಕಾಗುತ್ತದೆ ಎಂದ. ಜಟಕಾದವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಕ್ಕು, ಜಗುಲಿಯ ಕಟ್ಟೆಯ ಮೇಲೆ ಇಟ್ಟು ಹೊರಟ. ಬೀದಿ ತಿರುಗುವವರೆಗೂ ಕುದುರೆಯ ತಲೆ ಅವನ ಮುಷ್ಟಿಯ ಕಡೆ ವಾಲಿಕೊಂಡೇ ಇತ್ತು.

ನನ್ನ ಮದುವೆ ಚೆನ್ನಾಗಿಯೇ ಆಯಿತು. ಹಾಗೆಂದು ಎಲ್ಲರೂ ಹೇಳಿದರು. ಹಿತ್ತಲಿನಲ್ಲಿ ಕುದುರೆ ಕಟ್ಟುತ್ತಿದ್ದ ಜಾಗದಲ್ಲಿ ಅಡುಗೆಯ ಒಲೆ ಹೂಡಿದ್ದರು.

ಗಂಡನ ಮನೆಗೆ ಹೋದ ಹೊಸತರಲ್ಲಿ ಹೆಣ್ಣುಮಕ್ಕಳಿಗೆ ಮನೆಯ ಹಿಂಭಾಗವೇ ಪ್ರಪಂಚ. ಅಲ್ಲಿ ಲಾಯವಿತ್ತು, ಮಾವನವರು ತೋಟ ಸುತ್ತುವ ಕಂದು ಕುದುರೆ ಇತ್ತು. ಒಂದು ಬೆಳಿಗ್ಗೆ ಬಾಳೆಹಣ್ಣಿನ ಸಿಪ್ಪೆ ಹಾಕಲು ಹೋದವಳು, ಅಭ್ಯಾಸಬಲ ನೋಡಿ, ಓರೆಯಾಗಿ ನಿಂತು ಕೈ ಚಾಚಿದೆ. ಕುದುರೆ ತಲೆ ತಗ್ಗಿಸಿತು. ಎರಡೂ ಕಿವಿಯೊಳಗೆ ಬಿಳಿ. ಅಕ್ಕಿ ಹಿಟ್ಟು ಬಳಿದು ಒಣಗಿದ ಹಾಗೆ. ನಮ್ಮದಕ್ಕಿಂತ ಹೆಚ್ಚೇ ಇತ್ತು.

ಸಿಪ್ಪೆ ಕೈಯಲ್ಲೇ ಉಳಿಯಿತು. ಮಾವನವರು ಹಲ್ಲುಜ್ಜುತ್ತ ಆ ಕಡೆ ಬಂದವರು, “ಎಂತ ಕೂಸೆ, ಹೆದರಿಕೆಯಾ? ಏನೂ ಮಾಡಲ್ಲ ಅದು,” ಎಂದರು.

“ಕಿವಿಯೊಳಗೆ ಬಿಳಿ ಉಂಟಲ್ಲ,” ಎಂದೆ.

“ಓ ಅದಾ. ಈ ಹಳ್ಳದ ಬದಿ ಕುದುರೆಗಳಿಗೆ ಎಲ್ಲಕ್ಕೂ ಇರುತ್ತೆ. ಮುಟ್ಟಬಾರದು, ಅಷ್ಟೆ.”

ಆ ವರ್ಷ ದೀಪಾವಳಿಗೆ ಶೃಂಗೇರಿಯ ಸೋದರಮಾವ ಬಂದ. ಉಂಡು, ಎಲೆ ಅಡಿಕೆ ಹಾಕಿಕೊಂಡು, ಮಾತಿಗೆ ಕೂತಿದ್ದ. ಮನೆಯ ಸೊಸೆ ಹಾಗೆಲ್ಲ ಕೇಳಬಾರದು. ಆದರೂ ನೀರಿನ ಚೊಂಬು ಇಡುವಾಗ ಕೇಳಿಬಿಟ್ಟೆ: “ಮಾವ, ನಮ್ಮ ಮನೆ ಕುದುರೆಗೆ ತೊನ್ನು ಅಂದಿದ್ರಿ ನೀವು. ಇಲ್ಲಿಯದಕ್ಕೂ ಹಾಗೇ ಉಂಟು.”

ಅವನಿಗೆ ನೆನಪೇ ಇರಲಿಲ್ಲ. ಹಣೆ ಗಂಟಿಕ್ಕಿ ಯೋಚಿಸಿದ. ಆಮೇಲೆ ಬಾಯಿಯ ಕವಳ ಹಾರುವಂತೆ ನಕ್ಕ. “ನಾನು ಅಂದಿದ್ನಾ? ತಮಾಷೆ ಮಾರಾಯ್ತಿ. ಹೆಣ್ಣಿನ ಕಡೆಯವರನ್ನ ಒಂದಿಷ್ಟು ಗೋಳು ಹೊಯ್ಕೊಳ್ಳದೆ ಇದ್ರೆ ಗಂಡಿನ ಕಡೆಯವರು ಅಂತ ಹೇಗೆ ಗೊತ್ತಾಗೋದು? ಕುದುರೆಗೆ ಎಲ್ಲಾದ್ರೂ ಹಂಗೆ ತೊನ್ನು ಹತ್ತಿ ಮನುಷ್ಯರಿಗೆ ಬರುತ್ತಾ? ಯಾಕೆ, ಎಲ್ಲುಂಟು ಈಗ ಆ ಕುದುರೆ? ಸುಳಿ ಒಳ್ಳೇದಿತ್ತು ಅದಕ್ಕೆ.”

“ಮಾರಿದ್ರು,” ಎಂದೆ.

“ಛೆ, ನಂಗೆ ಹೇಳಿದ್ರೆ ನಾನೇ ತಗೋತಿದ್ದೆ.”

ಅಪ್ಪಯ್ಯ ಮುಂದಿನ ಸಲ ನನ್ನನ್ನು ಕರೆದೊಯ್ಯಲು ಬಂದಾಗ ಅವನನ್ನು ಲಾಯಕ್ಕೆ ಕರೆದೆ. ಬಂದ. ಕಿವಿಯೊಳಗೆ ನೋಡಿದ. ಮಾವನವರು ಹೇಳಿದ್ದನ್ನೂ ಸೋದರಮಾವ ಹೇಳಿದ್ದನ್ನೂ ಹೇಳಿದೆ. ಅಪ್ಪಯ್ಯ ಬೆರಳಿನ ಹಳೆಯ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ನಿಂತ. “ಮದುವೆ ಆಯ್ತಲ್ಲ ಮಗಾ. ಈಗ ಅದನ್ನೆಲ್ಲ ಯಾಕೆ ಕೆದಕ್ತೀಯ? ಚಿಕ್ಕಪ್ಪನ ಹತ್ರ ಹೇಳ್ಬೇಡ,” ಎಂದ. ಹೇಳದಿರಲು ಕಾರಣ ತಮ್ಮನ ಮೇಲಿನ ಕರುಣೆಯೋ ತನ್ನ ಮೇಲಿನದೋ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು ಎಂದೂ ಈಗ ಅನಿಸುವುದಿಲ್ಲ. ಅವನು ಹೆದರಿದ್ದ, ಅಷ್ಟೆ. ಹೆದರಿದವರು ತಮ್ಮ ಕೈಗೆ ಎಟಕುವುದನ್ನೇ ಸುಡುವುದು.

ಚಿಕ್ಕಪ್ಪ ಅಂಗಡಿಯಲ್ಲಿ ಕೂರತೊಡಗಿದ್ದ. ಅಳೆಯುವುದು, ಮಡಿಸುವುದು. ಅಷ್ಟರಲ್ಲಿ ಯುದ್ಧ ಬಂದು ಬಟ್ಟೆಯೂ ಸಿಗದಾಯಿತು. ಮಡಿಸಲೂ ಹೆಚ್ಚೇನೂ ಉಳಿಯಲಿಲ್ಲ. ಸಾಲುಮನೆಯ ಹೆಂಗಸರು ಯಾರಾದರೂ ಪೇಟೆಗೆ ಬಂದರೆ ಅಂಗಡಿಯ ಮೆಟ್ಟಿಲಲ್ಲಿ ನಿಂತು, “ಅಯ್ಯ, ನೀವು ಯಾಕೆ ಬರೋದೇ ಬಿಟ್ರಿ?” ಎಂದು ಕೇಳುತ್ತಿದ್ದರಂತೆ. ಅಪ್ಪಯ್ಯ ಇನ್ನೊಂದು ಕುದುರೆ ತರಿಸುತ್ತೇನೆ ಎಂದಾಗ ಚಿಕ್ಕಪ್ಪನೇ ಬೇಡವೆಂದನಂತೆ. ಅವನು ಹೇಳಿದ ಕಾರಣವನ್ನು ಅವ್ವ ನನಗೆ ಹೇಳಿದಳು: “ಯಾವುದನ್ನ ತಂದ್ರೂ ಅದು ತಲೆ ಕೊಟ್ಟ ಹೊತ್ತಿಗೆ ನಂಗೆ ಕೈ ನಡುಗುತ್ತೆ ಅತ್ತಿಗೆ.”

ಮಳೆಗೆ ದಾರಿ ಕೆಟ್ಟು ತವರಿಗೆ ಹೋಗಲಾಗದೆ ನನ್ನ ಮೊದಲ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಆಮೇಲೆ ಮಗುವನ್ನು ನೋಡಲು ಚಿಕ್ಕಪ್ಪ ಬಂದದ್ದು ಬಸ್ಸಿನಲ್ಲಿ. ಜಯಪುರದಲ್ಲಿ ಇಳಿದು, ಅಲ್ಲಿಂದ ಯಾರದೋ ಎತ್ತಿನ ಗಾಡಿಯ ಹಿಂಭಾಗದಲ್ಲಿ ಕೂತು ಬಂದಿದ್ದ. ಸೊರಗಿದ್ದ. ಮಗುವಿಗೆಂದು ಒಂದು ಕುಲಾವಿ ತಂದಿದ್ದ. ಹೊಸ ಬಟ್ಟೆಯದು, ಬಿಳಿಯದು. ಆ ಹಸಿರು ಚೌಕಳಿ, ಕೆಂಪು ಹೂವಿನದು ಎಲ್ಲಿ ಹೋಯಿತೋ ನಾನು ಕೇಳಲಿಲ್ಲ.

ಮಧ್ಯಾಹ್ನ ಅವನೇ ಲಾಯದ ಕಡೆ ಹೋದ. ನಾನು ಮಗುವನ್ನು ಎತ್ತಿಕೊಂಡು ಹಿಂದೆ ಹೋದೆ. ಅಪ್ಪಯ್ಯ ಹೇಳಬೇಡ ಎಂದಿದ್ದ. ಹೇಳುವ ಅಗತ್ಯ ಬೀಳಲಿಲ್ಲ. ಚಿಕ್ಕಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದ. ಕಂದು ಕುದುರೆ ಅವನನ್ನು ನೋಡಿದ್ದು ಅಂದೇ ಮೊದಲು. ಅವನು ಕೈ ಚಾಚದಿದ್ದರೂ ಅದು ಬಂದು ಅವನೆದುರು ತಲೆ ತಗ್ಗಿಸಿತು. ಕಿವಿಯೊಳಗಿನ ಬಿಳಿ ಅವನ ಮುಖಕ್ಕೆ ನೇರವಾಗಿತ್ತು. ಅವನು ಅದನ್ನು ತುಂಬ ಹೊತ್ತು ನೋಡಿದ. ಕೈ ಬಿಚ್ಚಲಿಲ್ಲ.

“ಇಲ್ಲೂ ಉಂಟಾ,” ಎಂದ ಕೊನೆಗೆ.

“ಇವರು ಮುಟ್ಟೋದಿಲ್ಲ ಚಿಕ್ಕಪ್ಪ.”

“ಹೂಂ. ಮುಟ್ಟಬಾರದು.”

“ನಿಮಗೆ ಅವತ್ತೇ ಗೊತ್ತಿತ್ತಲ್ಲ. ಯಾಕೆ ಹಿಡಿದುಕೊಟ್ರಿ?”

ಅವನು ಮಗುವಿನ ತಲೆಯ ಕುಲಾವಿಯನ್ನು ನೋಡಿದ. “ನಿನ್ನ ಹೆಸರು ಹೇಳಿದ್ರಲ್ಲ ಕೂಸೆ,” ಎಂದ.

ಅಷ್ಟರಲ್ಲಿ ಜಗುಲಿಯಿಂದ ಶೃಂಗೇರಿಯ ಸೋದರಮಾವನ ದನಿ ಬಂತು. ಮಗು ನೋಡುವ ನೆವದಲ್ಲಿ ಅವನೂ ಬಂದು ಕೂತಿದ್ದ. “ಏನ್ರೀ, ಕುದುರೆ ಹತ್ರ ಅಷ್ಟು ಹೊತ್ತು? ಸುಳಿ ನೋಡ್ತಿದ್ದೀರೋ, ತೊನ್ನು ಹುಡುಕ್ತಿದ್ದೀರೋ? ಬೇಕಿದ್ರೆ ತಗೊಂಡು ಹೋಗಿ.”

ಜಗುಲಿಯಲ್ಲಿದ್ದವರೆಲ್ಲ ನಕ್ಕರು. ಚಿಕ್ಕಪ್ಪನೂ ನಕ್ಕ, ಹೆಣ್ಣಿನ ಕಡೆಯವರು ನಗಬೇಕಾದ ಹಾಗೆ, ತಲೆ ತುಸು ಬಗ್ಗಿಸಿ.

“ನಮಗ್ಯಾಕೆ ಸ್ವಾಮಿ,” ಎಂದ. “ಈಗ ಬಸ್ಸಿದೆಯಲ್ಲ.”

ಆಮೇಲೆ ಕೋಲು ಹುಡುಕಿಕೊಂಡ. ಬಸ್ಸು ಹೆದ್ದಾರಿಯ ಮೇಲೆ ಮಾತ್ರ ಹೋಗುತ್ತದೆ. ತೋಟದ ಸಾಲುಮನೆಗಳಿಗೆ ಹೋಗುವುದಿಲ್ಲ, ಮುತ್ತಿನಕೊಪ್ಪದ ಒಳಗಿನ ಹಳ್ಳಿಗಳಿಗೂ ಇಲ್ಲ. ಅವನು ಲಾಯದಿಂದ ಜಗುಲಿಯವರೆಗೆ ನಡೆದು ಬರಲು ಎರಡು ಕಡೆ ನಿಲ್ಲಬೇಕಾಯಿತು. ಕಂದು ಕುದುರೆ ತಗ್ಗಿಸಿದ ತಲೆಯನ್ನು ಇನ್ನೂ ಎತ್ತಿರಲಿಲ್ಲ.